ಹತ್ತಿ ಗೋದಾಮಿಗೆ ಚಂದ್ರನನ್ನು ತಂದ ಪದ್ಮಜಾ ಅಕ್ಕೋರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಇಂದು ವಿಜ್ಞಾನ ಬೋಧಿಸುತ್ತಿರುವ ಯಾರನ್ನಾದರೂ ಕೇಳಿ ನೋಡಿ: ಪಾಠದ ನಡುವೆ ಪ್ರೊಜೆಕ್ಟರ್ ಮುನಿಸಿಕೊಂಡಾಗ ಅವರು ಮೊದಲು ಫೋನ್ ಮಾಡುವುದು ಶ್ರೀಮತಿ ಪದ್ಮಜಾ ಹಂಚಿನಾಳ ಅವರಿಗೆ. ಚಿತ್ರ ಓರೆಯಾಗಿದೆ, ಬಣ್ಣ ಕೆಟ್ಟಿದೆ, ಅಕ್ಷರ ತಲೆಕೆಳಗಾಗಿದೆ ಎಂದು ಅತ್ತಲಿಂದ ದೂರು ಬರುತ್ತಿದ್ದಂತೆಯೇ ಇತ್ತಲಿಂದ "ಮೆನು ತೆಗೀರಿ, ಅಡ್ವಾನ್ಸ್‌ಡ್ ಅಂತ ಅದ ನೋಡ್ರಿ, ಅದರಾಗ ಹೋಗ್ರಿ, ಅಂಜಬ್ಯಾಡ್ರಿ" ಎಂಬ ಧ್ವನಿ ಕೇಳಿಬರುತ್ತದೆ. ನಮ್ಮ ಭಾಗದ ವಿಜ್ಞಾನ ಬೋಧನೆಯಲ್ಲಿ ಉಪಕರಣದ ಭಯವನ್ನು ಹೋಗಲಾಡಿಸಿದವರೆಂದು ಅವರನ್ನು ಕರೆದರೆ ಅತಿಶಯೋಕ್ತಿಯಾಗದು. ಅವರ ಸೇವಾನಿವೃತ್ತಿಯ ಈ ಅಭಿನಂದನ ಗ್ರಂಥಕ್ಕೆ ಬರೆಯಲು ಸಂಪಾದಕರು ನನಗೆ ಹೇಳಿದ ದಿನದಿಂದ ನಾನು ಸಂಭ್ರಮದಲ್ಲಿದ್ದೇನೆ. ನಾನು ಮಾಳಪ್ಪ, ಅವರ ವಿದ್ಯಾರ್ಥಿ. ಈಗ ರಾಮದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ನಮ್ಮೂರ ಕಡೆ ಶಿಕ್ಷಕಿಯರನ್ನು ಕರೆಯುವಂತೆ ನಾವೆಲ್ಲ ಅವರನ್ನು ಅಕ್ಕೋರು ಎಂದೇ ಕರೆದವರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಕ್ಕೋರು ಹುಟ್ಟಿದ್ದು ರಾಮದುರ್ಗದಲ್ಲಿ. ತಂದೆ ವೆಂಕಣ್ಣನವರು ಪೌರೋಹಿತ್ಯದ ಮನೆತನದವರು, ಪಂಚಾಂಗದ ಗಣಿತದಲ್ಲಿ ನುರಿತವರು. ಅಕ್ಕೋರು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಸೂರ್ಯಗ್ರಹಣ ಹಿಡಿಯಿತಂತೆ. ಇಡೀ ಓಣಿ ಕದ ಮುಚ್ಚಿಕೊಂಡು ಕುಳಿತಿದ್ದಾಗ ವೆಂಕಣ್ಣನವರು ಮಗಳನ್ನು ಹಿತ್ತಲಿಗೆ ಕರೆದು, ಹಿಟ್ಟು ಸೋಸುವ ಸಾಣಿಗೆಯನ್ನು ಬಿಸಿಲಿಗೆ ಹಿಡಿದು, ಅದರ ತೂತುಗಳಿಂದ ನೆಲದ ಮೇಲೆ ಬಿದ್ದ ಕುಡುಗೋಲಿನಾಕಾರದ ನೂರಾರು ಪುಟ್ಟ ಸೂರ್ಯರನ್ನು ತೋರಿಸಿದರಂತೆ. ಬೆಳಕನ್ನು ಒಂದು ಕಡೆಯಿಂದ ಹಾಯಿಸಿ ಇನ್ನೊಂದು ಕಡೆ ಚಿತ್ರವಾಗಿ ಬೀಳಿಸುವ ಗೀಳು ತಮಗೆ ಅಂದೇ ಅಂಟಿತೆಂದು ಅಕ್ಕೋರು ನಗುತ್ತ ಹೇಳುತ್ತಿದ್ದರು.

ಬಿ.ಎಡ್. ಮುಗಿಸಿ ಅವರು ಮೊದಲು ಸೇವೆಗೆ ಸೇರಿದ್ದು ಸವದತ್ತಿ ತಾಲೂಕಿನಲ್ಲಿ, ಚಚಡಿಗೆ ಸಮೀಪದ ಒಂದು ಶಾಲೆಯಲ್ಲಿ. ಪ್ರಯೋಗಾಲಯವೆಂಬುದು ಹೆಸರಿಗಷ್ಟೇ ಇದ್ದ ಆ ದಿನಗಳಲ್ಲಿ ಅವರು ಮನೆಯ ಕನ್ನಡಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದು, ಅಂಗಳದ ಬಿಸಿಲನ್ನು ಕಿಟಕಿಯೊಳಗೆ ತಿರುಗಿಸಿ, ಪಾರಿವಾಳದ ಗರಿಯ ನೆರಳನ್ನು ಗೋಡೆಯ ಮೇಲೆ ಹಿಗ್ಗಿಸಿ ಪಾಠ ಮಾಡಿದರು. ಅಲ್ಲಿಂದ ನೇಸರಗಿಗೆ ವರ್ಗವಾಗಿ ಬಂದ ಮೇಲೆ ಬಡ್ತಿಯ ಅವಕಾಶಗಳು ಬಂದರೂ ತರಗತಿಯನ್ನು ಬಿಟ್ಟು ಕದಲಲಿಲ್ಲ. ನಾನು ಅವರ ಮುಂದೆ ಮೊದಲ ಬಾರಿ ಕುಳಿತದ್ದು ನೇಸರಗಿಯ ಆ ಶಾಲೆಯಲ್ಲಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ದಾನಿಗಳೊಬ್ಬರ ಕೃಪೆಯಿಂದ ಶಾಲೆಗೆ ಡಿಜಿಟಲ್ ಪ್ರೊಜೆಕ್ಟರ್ ಬಂದಿತು. ಮುಖ್ಯೋಪಾಧ್ಯಾಯರಾಗಿದ್ದ ಶಂಕ್ರೆಪ್ಪ ಸರ್ ಅದಕ್ಕೆ ಹೂವು ಏರಿಸಿ, ಊದಿನಕಡ್ಡಿ ಬೆಳಗಿ ಚಾಲೂ ಮಾಡಿದರು. ಗೋಡೆಯ ಮೇಲೆ ಬೆಳಕೇನೋ ಬಿತ್ತು. ಆದರೆ ಅದರಲ್ಲಿದ್ದ ಒಂದಕ್ಷರವೂ ಯಾರಿಗೂ ತಿಳಿಯಲಿಲ್ಲ. ಯಾವ ಗುಂಡಿ ಒತ್ತಿಹೋಗಿತ್ತೋ, ಮೆನುವೆಲ್ಲ ಚೀನೀ ಭಾಷೆಯಲ್ಲಿತ್ತು. ಮೇಲಾಗಿ ಚಿತ್ರದ ಮೇಲ್ಭಾಗ ಅಗಲವಾಗಿ, ಕೆಳಭಾಗ ಕಿರಿದಾಗಿ, ಬುಟ್ಟಿಯ ಆಕಾರದಲ್ಲಿ ಕಾಣುತ್ತಿತ್ತು.

"ಇದು ನಮ್ಮ ಕೈಲೆ ಆಗೂದಲ್ರಿ ಅಕ್ಕೋರ. ಕಂಪನಿಯವರು ಬರೂತನಕ ಕಪಾಟನ್ಯಾಗ ಇಟ್ಟಬಿಡೂಣು," ಎಂದರು ಶಂಕ್ರೆಪ್ಪ ಸರ್.

"ಕಪಾಟನ್ಯಾಗ ಇಟ್ರ ಅಲ್ಲೇ ಮುದುಕಾಗತದ್ರಿ ಸರ್. ನಾ ಒಳಗ ಹೋಗಿ ನೋಡತೇನಿ," ಎಂದರು ಅಕ್ಕೋರು.

ಅವರು ರಿಮೋಟ್ ಹಿಡಿದು ಪುಟದಿಂದ ಪುಟಕ್ಕೆ ಸರಿಯುತ್ತ ಹೋದರು. ಅಕ್ಷರ ತಿಳಿಯದಿದ್ದರೇನು, ಚಿತ್ರ ತಿಳಿಯುತ್ತದಲ್ಲ! ಪುಟ್ಟ ಭೂಗೋಳದ ಗುರುತೊಂದು ಕಂಡಿತು. ಭಾಷೆಯ ಪುಟಕ್ಕೆ ಭೂಮಿಯ ಚಿತ್ರ ಹಾಕದೆ ಮತ್ತಾವುದಕ್ಕೆ ಹಾಕಿಯಾರೆಂದು ತರ್ಕಿಸಿ ಅದನ್ನು ತೆರೆದರು. ಚೀನೀ ಅಕ್ಷರಗಳು ಒಮ್ಮೆಲೇ ಇಂಗ್ಲಿಷಾದವು. ನಾವು ಬೆಂಚು ಬಡಿದು ಕೂಗಿದೆವು. ಆಮೇಲೆ ಅವರು ಓರೆ ತಿದ್ದುವ ಗುಂಡಿ ಒತ್ತುತ್ತ ಹೋದಂತೆ ಬುಟ್ಟಿಯಾಕಾರ ನಮ್ಮ ಕಣ್ಣೆದುರೇ ನೆಟ್ಟಗಾಗಿ ಚೌಕಟ್ಟಿನಂತೆ ಕುಳಿತಿತು. ಇಷ್ಟಾದರೆ ಬೇರೆ ಯಾರಾದರೂ ಸಾಕೆಂದು ರಿಮೋಟ್ ಕೆಳಗಿಡುತ್ತಿದ್ದರು. ಅಕ್ಕೋರು ಬಿಡುವಿದ್ದಾಗಲೆಲ್ಲ ಖಾಲಿ ತರಗತಿಯಲ್ಲಿ ಕುಳಿತು, ಎಲ್ಲರೂ ದೂರವಿಟ್ಟ ಆ "ಅಡ್ವಾನ್ಸ್‌ಡ್" ಪುಟದ ಒಂದೊಂದು ಸೆಟ್ಟಿಂಗನ್ನೂ ಬದಲಿಸಿ, ಏನಾಗುತ್ತದೆಂದು ನೋಡಿ, ಮತ್ತೆ ಮೊದಲಿನಂತೆ ಮಾಡಿ ಕಲಿತರು.

ಆ ಕಲಿಕೆಯ ಫಲವನ್ನು ಉಂಡವರಲ್ಲಿ ಮೊದಲಿಗ ನಾನು. ಆ ವರ್ಷದ ಚಳಿಗಾಲದಲ್ಲಿ ಅಕ್ಕೋರು ವೇಗದ ಪಾಠ ಮಾಡುತ್ತಿದ್ದರು. ಗೋಡೆಯ ಮೇಲೆ ಎರಡು ಗೆರೆಗಳ ನಕ್ಷೆ: ಕೆಂಪು ಗೆರೆ ಬಸ್ಸಿನದು, ಹಸಿರು ಗೆರೆ ಸೈಕಲ್ಲಿನದು. ಎರಡೂ ಒಂದನ್ನೊಂದು ದಾಟಿ ಹೆಣೆದುಕೊಂಡಿದ್ದವು. ಬಸ್ಸು ಎಲ್ಲಿ ನಿಂತಿತೆಂದು ನನ್ನನ್ನು ಕೇಳಿದರು. ನಾನು ಎದ್ದು ನಿಂತೆ. ನನಗೆ ಕಂಡದ್ದು ಒಂದೇ ಬಣ್ಣದ ಗೆರೆಗಳ ಸಿಕ್ಕು. ಹಾಗೆಂದು ಹೇಳಿಯೂ ಬಿಟ್ಟೆ. ತರಗತಿ ಗೊಳ್ಳೆಂದಿತು. ಅಕ್ಕೋರು ನಗಲಿಲ್ಲ, ಯಂತ್ರದ ಬಣ್ಣ ಕೆಟ್ಟಿರಬೇಕೆಂದು ಮೆನು ತೆರೆದರು.

ಕೆಂಪನ್ನು ಏರಿಸಿದರು. ಇಡೀ ಗೋಡೆ ಕೆಂಪಾಯಿತೆಂದು ಗೆಳೆಯರು ಕೂಗಿದರು. ಹಸಿರನ್ನು ಏರಿಸಿದರು, ಮತ್ತೆ ಕೂಗು. ಪ್ರತಿ ಸಲವೂ ಅವರು ನನ್ನತ್ತ ತಿರುಗಿ "ಈಗರೆ ಬ್ಯಾರೆ ಕಾಣತಾವೇನಪಾ?" ಎಂದು ಕೇಳಿದರು. ನಾನು ಪ್ರತಿ ಸಲವೂ ಇಲ್ಲವೆಂದೆ. ನಾಲ್ಕಾರು ಸಲ ಹೀಗಾದ ಮೇಲೆ ಅವರು ಗೋಡೆಯನ್ನು ಬಿಟ್ಟು ನನ್ನ ಮುಖವನ್ನು ನೋಡತೊಡಗಿದರು. ಕೆಟ್ಟದ್ದು ಯಂತ್ರವಲ್ಲವೆಂದು ಅವರಿಗೆ ಆಗ ಹೊಳೆದಿರಬೇಕು. ಬಣ್ಣಗಳನ್ನು ಒಂದೊಂದಾಗಿ ತಿರುಗಿಸುವ ಇನ್ನೂ ಒಳಗಿನ ಪುಟಕ್ಕೆ ಹೋದರು. ಹಸಿರನ್ನು ಮುಟ್ಟದೆ, ಕೆಂಪನ್ನಷ್ಟೇ ಮೆಲ್ಲಗೆ ನೇರಳೆಯ ಕಡೆ ಸರಿಸಿದರು. ಸರಿಸಿದರು, ಸರಿಸಿದರು, ಮತ್ತೂ ಸರಿಸಿದರು.

"ಎರಡದಾವ್ರೀ ಅಕ್ಕೋರ!" ಎಂದು ನಾನು ಬೆಂಚಿನ ಮೇಲೆಯೇ ಹತ್ತಿ ನಿಂತೆ. "ಎರಡು ಗೆರಿ! ಬಸ್ ಅಲ್ಲಿ ನಿಂತೈತ್ರೀ, ಆ ಮೂಲಿಗೆ!"

ಓಡಿಹೋಗಿ ಗೋಡೆ ಮುಟ್ಟಿ ತೋರಿಸಿದೆ. ಈ ಸಲ ಯಾರೂ ನಗಲಿಲ್ಲ. ಅಕ್ಕೋರು ಆ ಬಣ್ಣಗಳನ್ನು ಹಾಗೆಯೇ ಯಂತ್ರದಲ್ಲಿ ಉಳಿಸಿ, ನಾನು ಹತ್ತನೆಯ ತರಗತಿ ಮುಗಿಸುವವರೆಗೂ ನಮ್ಮ ಪ್ರತಿಯೊಂದು ಪಾಠಕ್ಕೂ ಅದನ್ನೇ ಹಚ್ಚಿದರು. ನನ್ನ ಗೆಳೆಯರು ಅಷ್ಟು ದಿನವೂ ರಕ್ತನಾಳಗಳನ್ನು ನೇರಳೆಯಾಗಿ, ದಾಸವಾಳವನ್ನು ನೇರಳೆಯಾಗಿ ನೋಡಿಯೇ ಪಾಸಾದರೆಂಬುದನ್ನು ಈಗ ನೆನೆದರೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ.

ಅಕ್ಕೋರು ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನನ್ನು ಬೈಲಹೊಂಗಲದ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದರು. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣು ಹುಟ್ಟಿನಿಂದ ಬಂದದ್ದೆಂದು ಡಾಕ್ಟರರು ಹೇಳಿದರು. ಅಲ್ಲಿಂದ ಬಸ್ಸಿನಲ್ಲಿ ಮರಳಿ, ನನ್ನನ್ನು ಕರೆದುಕೊಂಡು ನೇರವಾಗಿ ನಮ್ಮ ಹೊಲಕ್ಕೇ ಬಂದರು. ನನ್ನ ತಂದೆ ಯಮನಪ್ಪ ಮೆಣಸಿನಕಾಯಿ ಬಿಡಿಸುತ್ತಿದ್ದರು. ಕೆಂಪು ಹಣ್ಣು ಬಿಡಿಸಲು ಕಳಿಸಿದರೆ ಬುಟ್ಟಿ ತುಂಬ ಹಸಿರು ಕಾಯಿ ತರುತ್ತಾನೆ, ಮೈಗಳ್ಳ, ಕೆಲಸ ತಪ್ಪಿಸಲು ಬೇಕೆಂದೇ ಹೀಗೆ ಮಾಡುತ್ತಾನೆ ಎಂದು ನನ್ನ ಮೇಲೆ ಅವರಿಗೆ ಬಹುಕಾಲದ ಸಿಟ್ಟು. ಓದಿನಲ್ಲೂ ಹೀಗೆಯೇ ಇರಬೇಕೆಂದು, ಆ ವರ್ಷ ಮುಗಿದೊಡನೆ ಶಾಲೆ ಬಿಡಿಸಿ ಇಟ್ಟಂಗಿ ಭಟ್ಟಿಗೆ ಹಚ್ಚುವ ಮಾತೂ ಮನೆಯಲ್ಲಿ ನಡೆದಿತ್ತು. ಅಕ್ಕೋರು ಬದುವಿನ ಮೇಲೆ ಕುಳಿತು ಡಾಕ್ಟರರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದರು.

ಅಪ್ಪ ಕೈಯಲ್ಲಿದ್ದ ಮೆಣಸಿನಕಾಯಿಯನ್ನೂ ನನ್ನನ್ನೂ ನೋಡಿದರು. "ಹಂಗಾದ್ರ ಇಂವ ಬೇಕಂತ ಮಾಡಿಲ್ಲನ್ರಿ ಅಕ್ಕೋರ?"

"ಇಲ್ರಿ ಯಮನಪ್ಪಾ. ಅವಗ ಕಾಣಸೂದ ಇಲ್ಲ. ಲೆಕ್ಕ ಮಾತ್ರ ನನಗಿಂತಾ ಚಲೋ ಮಾಡತಾನ. ಸಾಲಿ ಬಿಡಸಬ್ಯಾಡ್ರಿ."

ನಾನು ಅಭ್ಯಾಸದಂತೆ ಅಲ್ಲಿದ್ದ ಬುಟ್ಟಿಯನ್ನು ಎತ್ತಿಕೊಂಡೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಬುಟ್ಟಿ ಇಡಪಾ. ಹೋಗಿ ಓದ್ಕೋ," ಎಂದರು. ಭಟ್ಟಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಏಳಲಿಲ್ಲ.

ಮುಂದೆ ನಾನು ಕಾಲೇಜು, ವಿಶ್ವವಿದ್ಯಾಲಯ ಎಂದು ಊರು ಬಿಟ್ಟೆ. ಅಕ್ಕೋರು ಅದೇ ಶಾಲೆಯಲ್ಲಿ ನನ್ನಂಥವರ ಮೇಲೆ ನನ್ನಂಥವರನ್ನು ದಡ ಹತ್ತಿಸುತ್ತ ಇದ್ದರು. ಅವರ ಸೇವೆಯ ಶಿಖರವೆಂದು ನಾನು ಭಾವಿಸುವ ಸಂಜೆಯಂದು ಮಾತ್ರ ನಾನು ಅವರ ಪಕ್ಕದಲ್ಲೇ ಇದ್ದೆ. ೨೦೨೩ರ ಆಗಸ್ಟ್. ಚಂದ್ರಯಾನ ಅಂದು ಸಂಜೆ ಚಂದ್ರನ ಮೇಲೆ ಇಳಿಯುವುದಿತ್ತು. ಮಕ್ಕಳಿಗಷ್ಟೇ ತೋರಿಸುವುದೆಂದು ಹೊರಟದ್ದು, ಸುದ್ದಿ ಹಬ್ಬಿ ಊರಿಗೂರೇ ಬರುತ್ತೇವೆಂದಿತು. ಶಾಲೆಯ ಕೋಣೆ ಎಲ್ಲಿ ಸಾಲಬೇಕು? ಹತ್ತಿ ವ್ಯಾಪಾರಿ ಬಾಬಾಜಾನ ಸಾಹೇಬರು ತಮ್ಮ ಗೋದಾಮನ್ನೇ ಬಿಟ್ಟುಕೊಟ್ಟರು. ಸುಗ್ಗಿ ಇನ್ನೂ ದೂರವಿದ್ದುದರಿಂದ ಅದು ಖಾಲಿ ಇತ್ತು. ಕದ ಹಾಕಿದರೆ ಹಗಲಲ್ಲೂ ಕತ್ತಲೆ.

ನಾನು ರಾಮದುರ್ಗದಿಂದ ಬಂದು ಸೇರುವ ಹೊತ್ತಿಗೆ ಜನ ಕಿಕ್ಕಿರಿದಿದ್ದರು. ಪ್ರೊಜೆಕ್ಟರನ್ನು ಗುಂಪಿನ ನಡುವೆ ಇಟ್ಟಿದ್ದರು. ಪರದೆಯ ಮೇಲೆ ಬೆಳಕು ಬಿದ್ದದ್ದೇ ತಡ, ಅದಕ್ಕಿಂತ ಹೆಚ್ಚಾಗಿ ಬಿದ್ದದ್ದು ತಲೆಗಳ, ರುಮಾಲುಗಳ, ಹೆಗಲೇರಿದ ಕೂಸುಗಳ ನೆರಳು. ಕೂಡ್ರಿಸಿದವರು ಮತ್ತೆ ಏಳುತ್ತಿದ್ದರು. ಹಿಂದಿನವರು ಬೈಯುತ್ತಿದ್ದರು. ಇಳಿಯುವ ಹೊತ್ತು ಹತ್ತಿರವಾಗುತ್ತಿತ್ತು.

ಅಕ್ಕೋರು ಒಂದು ಗಳಿಗೆ ನಿಂತು ನೋಡಿದರು. "ಮಶೀನ್ ಹಿಂದ ಒಯ್ಯೂಣು. ಪರದೆಯ ಹಿಂದ!"

ಶಾಲೆಯ ಪರದೆ ದಪ್ಪ. ಹಿಂದಿನಿಂದ ಬೆಳಕು ಹಾಯದು. ಬಾಬಾಜಾನ ಸಾಹೇಬರ ಮನೆ ಗೋದಾಮಿಗೆ ಅಂಟಿಕೊಂಡೇ ಇತ್ತು. ಅವರ ಮಡದಿ ಸುಗರಾಬಿಯವರು ತೆಳುವಾದ ಎರಡು ಬಿಳಿ ಚಾದರ ತೆಗೆದು, ಹೊಲಿಗೆ ಯಂತ್ರದ ಮೇಲೆ ಗಡಗಡನೆ ಜೋಡಿಸಿ ಕೊಟ್ಟರು. ಹಗ್ಗಕ್ಕೆ ಕಟ್ಟಿದೆವು, ಅಂಚಿಗೆ ಕಲ್ಲು ಹೇರಿದೆವು. ಬೆಳಕು ಚೆನ್ನಾಗಿ ಹಾಯಲೆಂದು ಅಕ್ಕೋರು ಅದರ ಮೇಲೆ ನೀರು ಚಿಮುಕಿಸಿದರು. ಯಂತ್ರವನ್ನು ಚಾದರದ ಹಿಂದಿನ ಗೋಡೆಗೆ ಒಯ್ದು ಹಚ್ಚಿದೆವು.

ಅತ್ತಲಿಂದ ಬಾಬಾಜಾನ ಸಾಹೇಬರ ಕೂಗು ಬಂತು: "ಅಕ್ಕೋರ, ಅಕ್ಷರ ಎಲ್ಲಾ ಉಲ್ಟಾ ಬರಾಕತ್ತಾವ್ರೀ!"

"ಬರಬೇಕ್ರೀ! ತಡೀರಿ!" ಎಂದು ಅಕ್ಕೋರು ಮೆನು ತೆರೆದರು. ಯಂತ್ರ ಪರದೆಯ ಮುಂದಿದೆಯೋ ಹಿಂದಿದೆಯೋ ಎಂದು ಅದಕ್ಕೆ ತಿಳಿಸುವ ಸೆಟ್ಟಿಂಗ್ ಅಡ್ವಾನ್ಸ್‌ಡ್ ಪುಟದಲ್ಲಿತ್ತು. ಅವಸರದಲ್ಲಿ ಒಂದು ಸಾಲು ಕೆಳಗೆ ಒತ್ತಿದರು; ನೇರಪ್ರಸಾರದಲ್ಲಿ ಕಾಣುತ್ತಿದ್ದ ವಿಜ್ಞಾನಿಗಳೆಲ್ಲ ತಲೆಕೆಳಗಾಗಿ ಬಾವಲಿಗಳಂತೆ ನೇತಾಡಿದರು. ಗೋದಾಮು ಹೋ ಎಂದಿತು. ಅಕ್ಕೋರೂ ನಕ್ಕುಬಿಟ್ಟರು. ಮತ್ತೊಮ್ಮೆ ಒತ್ತಿದರು. ವಿಜ್ಞಾನಿಗಳು ನೆಟ್ಟಗೆ ಕುಳಿತರು. "ಬಂತ್ರೀ! ಓದಾಕ ಬರತೈತ್ರೀ!" ಎಂದು ಅತ್ತಲಿಂದ ಹರ್ಷೋದ್ಗಾರ. ಬಟ್ಟೆ ಒಂದು ಕಡೆ ಜೋತು ಚಿತ್ರದ ಮೂಲೆ ಎಳೆದಂತಾಗಿತ್ತು. ನಾಲ್ಕೂ ಮೂಲೆಗಳನ್ನು ಬೇರೆಬೇರೆಯಾಗಿ ಸರಿಸುವ ಪುಟ ತೆರೆದು, ಅತ್ತಲಿನವರು ಕೂಗಿ ಹೇಳಿದಂತೆ ಅಕ್ಕೋರು ಒಂದೊಂದನ್ನೇ ಕೂಡಿಸಿದರು. ಕೊನೆಯ ಮೂಲೆ ಕೂಡುವುದಕ್ಕೂ, ನೌಕೆ ಇಳಿಯತೊಡಗಿತೆಂದು ಪ್ರಕಟವಾಗುವುದಕ್ಕೂ ಸರಿಹೋಯಿತು.

ಅತ್ತ ಜನವೆಲ್ಲ ಚಾದರದತ್ತ ಕತ್ತು ಚಾಚಿದರು. ಪರದೆಯ ಹಿಂದೆ ನಾವಿಬ್ಬರೇ. ಅವರಿಗೆಲ್ಲ ಸರಿಯಾಗಿ ಕಾಣುತ್ತಿದ್ದುದು ನಮಗೆ ಉಲ್ಟಾ ಕಾಣುತ್ತಿತ್ತು. ಕಡಿಮೆಯಾಗುತ್ತಿದ್ದ ಎತ್ತರದ ಅಂಕಿಗಳನ್ನು ಅಕ್ಕೋರು ಬಲದಿಂದ ಎಡಕ್ಕೆ ಓದುತ್ತ, ನನ್ನ ಮುಂಗೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಇಳೀತೇನೋ ಮಾಳಪ್ಪಾ? ಇಳೀತೇನೋ?"

"ಇಳೀತ್ರೀ ಅಕ್ಕೋರ! ಇಳೀತು!"

ಅತ್ತಲಿಂದ ಎದ್ದ ಕೂಗಿಗೆ ತಗಡಿನ ಮಾಡು ನಡುಗಿತು. ಸೀಟಿ, ಚಪ್ಪಾಳೆ, ಯಾರದೋ ಹಲಗೆಯ ಬಡಿತ. ಬಾಬಾಜಾನ ಸಾಹೇಬರು ಪರದೆ ಸರಿಸಿ ಒಳಗೆ ಓಡಿಬಂದು, "ನಮ್ಮ ಗೋದಾಮಿನ್ಯಾಗ ಚಂದ್ರಗ ಹೋಗಿ ಮುಟ್ಟಿದ್ವಲ್ರೀ ಅಕ್ಕೋರ!" ಎಂದು ಕೈ ಮುಗಿದರು. ಎಂದೂ ಧ್ವನಿ ಏರಿಸದ ನಮ್ಮ ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಸುಗರಾಬಿಯವರನ್ನು ತಬ್ಬಿಕೊಂಡು, ಮಕ್ಕಳೊಂದಿಗೆ ಮಕ್ಕಳಾಗಿ ಕುಣಿದದ್ದನ್ನು ಆ ಸಂಜೆ ಇಡೀ ನೇಸರಗಿ ಕಂಡಿತು.

ಈಗ ಅವರು ಸೇವೆಯಿಂದ ನಿವೃತ್ತರಾಗಿದ್ದಾರೆ. ವಿಶ್ರಾಂತಿ ಪಡೆಯಿರೆಂದು ಹೇಳಿದ ಹಿತೈಷಿಗಳಿಗೆ ಅವರು ಕೊಟ್ಟ ಉತ್ತರ ಬಲು ಚಿಕ್ಕದು: "ಕಿತ್ತೂರ ಕಡೆ ಎಷ್ಟ ಸಾಲ್ಯಾಗ ಮಶೀನ್ ಡಬ್ಬಿಯೊಳಗ ಕುಂತಾವ, ಗೊತ್ತದ ಏನ್ರಿ?" ಆ ಶಾಲೆಗಳನ್ನೆಲ್ಲ ಒಂದೊಂದಾಗಿ ಸುತ್ತಲು ಅವರು ಆಗಲೇ ಹೊರಟಿದ್ದಾರೆ. ಅವರ ಮೊಣಕಾಲು ಗಟ್ಟಿಯಾಗಿರಲಿ, ಕಣ್ಣು ತಿಳಿಯಾಗಿರಲಿ, ಹಳ್ಳಿಯ ಬಸ್ಸುಗಳಲ್ಲಿ ಅವರಿಗೆ ಕಿಟಕಿಯ ಪಕ್ಕ ಸೀಟು ಸಿಗಲಿ. ಇನ್ನೂ ಹಲವು ದಶಕಗಳ ಕಾಲ ಈ ನಾಲ್ಕು ತಾಲೂಕಿನ ಮಕ್ಕಳು ಅವರಿಂದ ಕಲಿಯುವಂತಾಗಲಿ ಎಂದು ಅವರ ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ. ಬರುವ ಸೋಮವಾರ ಅವರು ನಮ್ಮ ಕಾಲೇಜಿಗೆ ಬರುವವರಿದ್ದಾರೆ. ಮೊದಲ ಬಸ್ಸಿಗೇ ಬರುತ್ತೇನೆಂದು ಹೇಳಿದ್ದಾರೆ. ರಾಮದುರ್ಗದ ನಿಲ್ದಾಣದಲ್ಲಿ ನಾನು ಅದಕ್ಕೂ ಮೊದಲೇ ನಿಂತಿರುತ್ತೇನೆ.