ಮೇಪಲ್ ಮರಕ್ಕೂ ಸೂತಕ

ಕಿನುಯೊ ಅವರಿಗೆ ಸಾವಿನ ಸುದ್ದಿ ತಿಳಿಯುವುದು ಬಾಗಿಲಿಗೆ ಅಂಟಿಸಿದ ಕಪ್ಪಂಚಿನ ಕಾಗದದಿಂದ. ಜನವರಿ ನಡುವೆ ಬರುವ ‘ಚಿಕ್ಕ ಹೊಸವರ್ಷ’ದ ಹಬ್ಬದ ನಸುಕು. ಜಪಾನಿನ ತಾಂಬಾ ಬೆಟ್ಟಗಳಿಂದ ಇಳಿದ ಮಂಜು ಇನ್ನೂ ಬೀದಿಯಲ್ಲೇ ಮಲಗಿದೆ. ತಳ್ಳುಗಾಡಿಯಲ್ಲಿ ಸಾಸಿವೆ ಹಿಂಡಿ, ಎಲುಬಿನ ಪುಡಿ, ಒಣಮೀನಿನ ಪುಡಿ, ಎಲೆಗೊಬ್ಬರದ ಚೀಲ. ಪ್ರತಿ ವರ್ಷ ಈ ದಿನ ಹಾತ್ಸು ಅಮ್ಮ ಬಾಗಿಲು ತೆಗೆದು, "ಬಂದೆಯಾ, ಗೊಬ್ಬರದ ರಾಣಿ? ನಿನಗಿಂತ ಮೊದಲು ನಿನ್ನ ವಾಸನೆ ಬಂತು" ಎನ್ನುತ್ತಿದ್ದರು. ಇಂದು ಬಾಗಿಲು ತೆಗೆಯುವವಳು ಸೊಸೆ ಚಿಹಾರು.

"ಮೊನ್ನೆ ಹೋದ್ರು ಅಕ್ಕ. ಮನೆಯವರಷ್ಟೇ ಸೇರಿ ಮುಗಿಸಿದ್ವಿ. ನಿಮಗೆ ಹೇಳಿ ಕಳಿಸ್ಬೇಕಿತ್ತು."

ಕಿನುಯೊ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಮನೆಯ ಕಡೆಗೊಮ್ಮೆ, ಅಂಗಳದ ಮೇಪಲ್ ಮರದ ಕಡೆಗೊಮ್ಮೆ ಕೈ ಮುಗಿಯುತ್ತಾರೆ.

ಈ ಊರಿನ ಮನೆತೋಟಗಳ ಮೇಪಲ್ ಮರಗಳು ಶರತ್ಕಾಲದಲ್ಲಿ ಕೆಂಪಾದಾಗ ಪಟ್ಟಣದವರು ಬಂದು ಫೋಟೋ ತೆಗೆದುಕೊಳ್ಳುತ್ತಾರೆ. ಕೊಂಬೆ ಕತ್ತರಿಸುವ ತೋಟಗಾರರ ಹೆಸರು ಎಲ್ಲರಿಗೂ ಗೊತ್ತು. ಮರಗಳು ಬರಿಮೈಯಲ್ಲಿ ನಿದ್ದೆ ಹೋದ ಮೇಲೆ ಮಂಡಿಯೂರಿ ಅವಕ್ಕೆ ಉಣಿಸುವ ಹೆಂಗಸು ಯಾರ ಕಣ್ಣಿಗೂ ಬೀಳುವುದಿಲ್ಲ. ತೋಟಗಾರನಾಗಿದ್ದ ಗಂಡ ಏಣಿಯಿಂದ ಬಿದ್ದು ತೀರಿಕೊಂಡ ವರ್ಷ ಕತ್ತರಿಯ ಕೆಲಸ ಬೇರೆಯವರ ಪಾಲಾಯಿತು. ಗುದ್ದಲಿ ಮಾತ್ರ ಕಿನುಯೊ ಅವರಿಗೆ ಉಳಿಯಿತು. ಚಳಿಗಾಲ ಪೂರ್ತಿ ದಿನಕ್ಕೆ ಎರಡು ಮನೆ, ಬಿಸಿಲು ಬಂದರೆ ಮೂರು. ಹೆಪ್ಪುಗಟ್ಟಿದ ನೆಲ ಅಗೆದು ಬೆರಳ ಗೆಣ್ಣುಗಳು ಬಿರಿದಿವೆ.

"ಬುಡಕ್ಕೆ ಸುರಿದ್ರೆ ಮರಕ್ಕೆ ಸಿಗಲ್ಲ. ಅದರ ಬಾಯಿ ಇರೋದು ಕೊಂಬೆ ತುದಿಯ ಕೆಳಗೆ, ಹನಿ ತೊಟ್ಟಿಕ್ಕೋ ಕಡೆ," ಎನ್ನುತ್ತಾರೆ. "ನಿದ್ದೇಲಿರುವಾಗ್ಲೇ ಸದ್ದಿಲ್ದೆ ಇಟ್ಟು ಬರ್ಬೇಕು. ಎದ್ದಾಗ ಹಸಿವಾಗತ್ತಲ್ಲ, ಅಷ್ಟರಲ್ಲಿ ಮಣ್ಣು ಎಲ್ಲ ಬೇಯಿಸಿಟ್ಟಿರತ್ತೆ."

ಇಂದು ಗುದ್ದಲಿ ಎತ್ತುವ ಮೊದಲೇ ಚಿಹಾರು ತಡೆಯುತ್ತಾಳೆ.

"ಈ ಸಲ ಬೇಡ ಅಕ್ಕ. ಮರ ಕಡಿಸ್ಬಿಡೋಣ ಅಂತಾರೆ ನಮ್ಮೆಜಮಾನ್ರು. ಹೋದ ಶರತ್ಕಾಲದಲ್ಲಿ ಕೆಂಪಾಗ್ಲೇ ಇಲ್ಲ. ಹಸಿರಾಗೇ ಇದ್ದು, ಹಿಮ ಬಿದ್ದಾಗ ಕರಕಲಾಗಿ ಉದುರ್ತು. ಅತ್ತೆ ದಿನಾ ಕಿಟಕಿಯಿಂದ ಕಾದಿದ್ದೇ ಬಂತು. ನನಗದರ ಮುಖ ನೋಡೋಕಾಗಲ್ಲ."

ಕಿನುಯೊ ಮಣ್ಣು ಕೆದಕಿ ಒಂದು ಚಿಟಿಕೆ ಮೂಸಿ ನೋಡುತ್ತಾರೆ. "ಬೇಸಿಗೇಲಿ ಇದಕ್ಕೆ ಉಣಿಸಿದ್ದು ಯಾರು?"

ಚಿಹಾರು ತಲೆ ತಗ್ಗಿಸುತ್ತಾಳೆ. "ಅತ್ತೇನೇ ಹಾಕಿಸ್ತಿದ್ರು. ಅವರಿಗೆ ಗಂಜಿ ಕೂಡ ಇಳೀತಿರಲಿಲ್ಲ. 'ನಾನಂತೂ ತಿನ್ನಲಾರೆ, ಅದಾದ್ರೂ ತಿನ್ನಲಿ' ಅಂತ ದಿನಾ ಸಂಜೆ ಹಿಡಿ ಹಿಂಡಿ ಹಾಕು ಅನ್ನೋರು."

ಕಿನುಯೊ ನಗುತ್ತಾರೆ, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. "ಅಯ್ಯೋ, ಈ ಮುದುಕಿ! ಮರಕ್ಕೆ ರೋಗ ಇಲ್ಲಮ್ಮ. ಹೊಟ್ಟೆ ಬಿರಿಯೋ ಹಾಗೆ ಉಂಡಿದೆ ಅಷ್ಟೆ. ಹಾಗೆ ಉಂಡ ಮರ ಎಲೆ ಬೆಳೆಸ್ತಾನೇ ಇರತ್ತೆ, ಕೆಂಪಾಗೋದು ಮರೆತುಬಿಡತ್ತೆ. ಅದಿರಲಿ, ಸೂತಕದ ನಲವತ್ತೊಂಬತ್ತು ದಿನ ಮನೇಲಿ ಮೀನು ಬಿಡ್ತೀರಲ್ಲ?"

"ಹೂಂ."

"ಮರಾನೂ ಬಿಡಲಿ. ಅದಕ್ಕೂ ಸೂತಕವೇ. ಹಿಂಡಿ, ಎಲುಬು, ಮೀನು ಒಂದೂ ಬೇಡ. ಬರೀ ಎಲೆಗೊಬ್ಬರ ಹೊದಿಸ್ತೀನಿ. ಇನ್ನೊಂದು ಶರತ್ಕಾಲ ಅದನ್ನ ನಿಲ್ಲೋಕೆ ಬಿಡು, ತಾಯಿ."

ಚಿಹಾರು ಒಳಗೆ ಹೋಗುತ್ತಾಳೆ. ಕಿನುಯೊ ಬರಿಗೈಯಿಂದಲೇ ಎಲೆಗೊಬ್ಬರ ಹರಡುತ್ತಾರೆ, ಮಲಗಿದವರಿಗೆ ಕಂಬಳಿ ಸರಿಪಡಿಸಿದಂತೆ. ಮಂಜಿನಲ್ಲಿ ಮರ ಕನಸು ಕಾಣುತ್ತಿರುವಂತಿದೆ.

ಈ ಹಬ್ಬದಂದು ಹಣ್ಣಿನ ಮರಗಳನ್ನು ಹೆದರಿಸುವುದು ಊರ ರೂಢಿ. ಒಬ್ಬರು ಕುಡುಗೋಲು ಹಿಡಿದು ಹಣ್ಣು ಕೊಡುತ್ತೀಯೋ ಇಲ್ಲವೋ ಎಂದು ಕೇಳಬೇಕು; ಇನ್ನೊಬ್ಬರು ಹಿಂದೆ ನಿಂತು ಮರದ ಪರವಾಗಿ ಒಪ್ಪಿಕೊಳ್ಳಬೇಕು. ಮೇಪಲ್ ಮರವನ್ನೂ ಕೇಳೋಣ ಎಂದವರು ಹಾತ್ಸು ಅಮ್ಮ. ಇಷ್ಟು ಕಾಲ ಮರವಾಗಿ ಉತ್ತರ ಕೊಟ್ಟವರೂ ಅವರೇ. ಕಿನುಯೊ ಅಭ್ಯಾಸಬಲದಿಂದ ಕುಡುಗೋಲಿನ ಹಿಂಬದಿಯಿಂದ ಕಾಂಡವನ್ನು ಮೆಲ್ಲಗೆ ತಟ್ಟುತ್ತಾರೆ.

"ಕೆಂಪಾಗ್ತೀಯೋ, ಇಲ್ವೋ? ಇಲ್ಲ ಅಂದ್ರೆ ಕಡಿದುಬಿಡ್ತೀನಿ!"

ಉತ್ತರವಿಲ್ಲ. ಕುಡುಗೋಲು ಕೆಳಗಿಳಿಯುತ್ತದೆ. ಆಗ ಮರದ ಹಿಂದಿನಿಂದ ಒಂದು ಸಣ್ಣ ದನಿ ಬರುತ್ತದೆ.

"ಆಗ್ತೀನಿ... ಕೆಂಪಾಗ್ತೀನಿ."

ಚಿಹಾರು! ಕೈಯಲ್ಲಿ ಗಂಜಿಯ ಬಟ್ಟಲು. ಸೂತಕದ ಮನೆ, ಹಬ್ಬದ ಕೆಂಪು ಕಾಳು ಹಾಕಿಲ್ಲ. ಬರೀ ಬಿಳಿ ಗಂಜಿ.

"ಜೋರಾಗಿ ಹೇಳೇ, ನಿಮ್ಮತ್ತೆಗೆ ಕಿವಿ ಮಂದ!"

"ಕೆಂಪಾಗ್ತೀನಿ! ಕೆಂಪಾಗ್ತೀನಿ!" ಎಂದು ಕೂಗಿ ಚಿಹಾರು ಬಿಕ್ಕುತ್ತಾಳೆ. "ಯಜಮಾನ್ರಿಗೆ ನಾನು ಹೇಳ್ಕೋತೀನಿ ಅಕ್ಕ. ಮರ ಇರಲಿ."

ಒಪ್ಪಿಕೊಂಡ ಮರಕ್ಕೆ ಉಣಿಸುವ ರೂಢಿಯಂತೆ ಇಬ್ಬರೂ ಗಂಜಿಯನ್ನು ಕಾಂಡಕ್ಕೆ ಸವರುತ್ತಾರೆ. ಹಿಂಡಿಯ ಚೀಲ ಬಿಚ್ಚದೆಯೇ ಗಾಡಿಗೆ ಮರಳುತ್ತದೆ. ನಿಮಗೇನು ಆಸೆ ಎಂದು ಚಿಹಾರು ಕೇಳಿದರೆ ಕಿನುಯೊ ಮರ ನೋಡುತ್ತಾರೆ: "ಇದು ಕೆಂಪಾದ ದಿನ ಒಂದು ಎಲೆ ಹಾತ್ಸು ಅಮ್ಮನ ಸಮಾಧಿ ಮೇಲಿಡ್ಬೇಕು. ಅಷ್ಟೆ."

ಮತ್ತೆ ಕೈ ಮುಗಿಯುತ್ತಾರೆ. ಅಮಿತಾಭ ಬುದ್ಧನೇ, ತನ್ನ ಪಾಲಿನ ತುತ್ತನ್ನು ಮರಕ್ಕೆ ಕೊಟ್ಟು ಬಂದಿದ್ದಾಳೆ ಈ ತಾಯಿ. ಅವಳನ್ನು ಹಸಿವಿಲ್ಲದ ನಿನ್ನ ನೆರಳಿಗೆ ಸೇರಿಸಿಕೋ, ನೆಮ್ಮದಿಯಾಗಿ ಮಲಗಲಿ.