ತಮ್ಮನ ಪಾಲಿನ ಹಾಲು

ಜಹೀರಾಬಾದಿನ ಸಭಾಂಗಣದಲ್ಲಿ ನಿವೃತ್ತ ಗುಪ್ತಚರ ಅಧಿಕಾರಿಯೊಬ್ಬರು ತಮ್ಮ ಆತ್ಮಕಥೆಯ ಪುಟವೊಂದನ್ನು ತೆಲುಗಿನಲ್ಲಿ ಓದುತ್ತಿದ್ದರು. ‘ಗಡಿಯ ಹಳ್ಳಿಯಲ್ಲಿ ಬೀಜದ ವ್ಯಾಪಾರಿಯ ವೇಷದಲ್ಲಿದ್ದೆ. ಅಣ್ಣತಮ್ಮಂದಿರಿಲ್ಲದ ಹೆಂಗಸೊಬ್ಬಳನ್ನು ಅಕ್ಕ ಎಂದು ಕರೆದೆ. ಆಮೇಲೆ ಊರಿನಲ್ಲಿ ಯಾರೂ ನನ್ನನ್ನು ಅನುಮಾನಿಸಲಿಲ್ಲ.’ ಎಂಥ ಜಾಣತನ ಎಂದು ಸಭೆ ಚಪ್ಪಾಳೆ ತಟ್ಟಿತು. ಆ ಹೆಂಗಸು ನನ್ನ ಪಕ್ಕದಲ್ಲೇ ಕೂತಿದ್ದಳು. ನನ್ನ ಅವ್ವ.

ಪತ್ರಿಕೆಯಲ್ಲಿ ಅವರ ಫೋಟೊ ನೋಡಿ, ‘ನಮ್ಮ ಶಿವರಾಜ ಸಿಕ್ಕಾನ ನೋಡು’ ಎಂದು ಮೊಗುಡಂಪಲ್ಲಿಯಿಂದ ಉಂಡಿ ಕಟ್ಟಿಕೊಂಡು ಬಂದಿದ್ದಳು. ಹೇಳದೆ ಕೇಳದೆ ಊರು ಬಿಟ್ಟುಹೋದ ಆ ತಮ್ಮನನ್ನು ಅವಳು ಮರೆತಿರಲಿಲ್ಲ. ಪ್ರತಿ ನಾಗರಪಂಚಮಿಗೂ ಹುತ್ತಕ್ಕೆ ಹಾಲೆರೆಯುವಾಗ, ಮನೆಯವರೆಲ್ಲರ ಪಾಲಿನ ಜೊತೆ ‘ತಮ್ಮ ಶಿವರಾಜನ ಪಾಲು’ ಎಂದು ಒಂದಿಷ್ಟು ಎರೆಯುತ್ತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಅವ್ವ ಅವರೆದುರು ಹೋಗಿ ನಿಂತಳು. ಅವರಿಗೆ ಗುರುತು ಸಿಕ್ಕಿತು. ನಗುತ್ತಲೇ ಒಂದು ಪ್ರತಿಗೆ ಸಹಿ ಹಾಕಿ ಕೈಗಿತ್ತರು.

‘ಅದು ಡ್ಯೂಟಿ ಇತ್ತಕ್ಕಾ, ಮನಸಿಗೆ ಹಚ್ಕೋಬ್ಯಾಡ’ ಎಂದರು.

‘ನಂದೇನು ಡ್ಯೂಟಿ ಇದ್ದಿದ್ದಿಲ್ರಿ ಸಾಹೇಬರ’ ಎಂದಳು ಅವ್ವ. ಉಂಡಿಯ ಗಂಟನ್ನು ಬಿಚ್ಚದೆ ಹಾಗೇ ಹೊರಟಳು.

ಪುಸ್ತಕವನ್ನು ನಾನು ಪೂರ್ತಿ ಓದಿದೆ. ಅವ್ವನ ಹೆಸರು ಎಲ್ಲೂ ಇಲ್ಲ, ‘ಒಬ್ಬ ಹೆಂಗಸು’ ಅಷ್ಟೇ. ಈ ಪಂಚಮಿಗೆ ಅವ್ವ ಎಲ್ಲರ ಪಾಲನ್ನೂ ಎರೆದು, ತಮ್ಮನ ಪಾಲಿಗೆ ಬಂದಾಗ ಕೈ ತಡೆದಳು. ಬಟ್ಟಲಲ್ಲಿ ಉಳಿದ ಹಾಲನ್ನು ಮನೆಗೆ ತಂದು ಬೆಕ್ಕಿಗೆ ಸುರಿದಳು.