ಬ್ರಾಂದಿಯ ವಾಸನೆ

ಮಂಚದ ಸರಳಿಗೆ ನನ್ನ ತಮ್ಮನ ಉಂಗುರ ಟಣ್ ಟಣ್ ಎಂದು ಬಡಿಯುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಹೊಟ್ಟೆನೋವು ಬೆನ್ನಿನವರೆಗೂ ಇರಿದಾಗ ಅವನು ಸರಳನ್ನು ಹಿಡಿಯುತ್ತಿದ್ದ. ಅವನಿಗೆ ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನಲ್ಲಿ ಹುಣ್ಣು. ಅದಕ್ಕೆಂದು ಮೂರು ವಾರದ ಹಿಂದಷ್ಟೇ ಹೊಸ ಮಾತ್ರೆ ಶುರುವಾಗಿತ್ತು. ನೋವಿಗೆಂದು ಅವನ ಹೆಂಡತಿ ರೂಢಿಯಂತೆ ಹೊಟ್ಟೆಗೆ ಬ್ರಾಂದಿ ತಿಕ್ಕಿದಳು. ಬ್ರಾಂದಿ ಹತ್ತಿದ ಶರ್ಟಿನಲ್ಲೇ ಅವನನ್ನು ಕ್ಯಾಲನೂರಿನಿಂದ ಕೋಲಾರದ ಆಸ್ಪತ್ರೆಗೆ ಕರೆತಂದೆವು.

ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ ಊದಿದೆ, ಕುಡಿಯುವವರಿಗೆ ಇದು ಹೆಚ್ಚು ಎಂದ ಡಾಕ್ಟರು ಶರ್ಟನ್ನು ಮೂಸಿದರು. "ಎಷ್ಟು ವರ್ಷದಿಂದ ಕುಡೀತಾರೆ?"

"ಡಾಕ್ಟರ್, ಹಿ ಈಸ್ ಎ ಟೀಟೋಟಲರ್! ಅದು ಹಚ್ಚಿದ್ದು, ಕುಡಿದಿದ್ದಲ್ಲ."

"ಎಲ್ಲ ಮನೆಯೋರೂ ಹೀಗೇ ಹೇಳೋದು ಅಜ್ಜಿ," ಎಂದು ನಗುತ್ತಲೇ ಆಲ್ಕೊಹಾಲಿಕ್ ಎಂದು ಬರೆದರು. ಕರುಳಿನ ಆ ಹೊಸ ಮಾತ್ರೆಯನ್ನು ಹಾಗೆಯೇ ಮುಂದುವರಿಸಿದರು.

ಎರಡು ದಿನದ ಮೇಲೆ ಮಾತ್ರೆಯ ಡಬ್ಬಿಯಲ್ಲಿದ್ದ ಚೀಟಿಯನ್ನು ನಾನೇ ಬಿಡಿಸಿ ಓದಿದೆ. ಸೈಡ್ ಎಫೆಕ್ಟುಗಳ ಸಾಲಿನಲ್ಲಿ ಪ್ಯಾಂಕ್ರಿಯಾಟೈಟಿಸ್, ಅದೇ ಗ್ರಂಥಿಯ ಊತ, ಎಂದೇ ಅಚ್ಚಾಗಿತ್ತು! ಕಲಿತ ಡಾಕ್ಟರಿಗೆ ಕಾಣದ್ದು ಕನ್ನಡಕದ ಮುದುಕಿಗೆ ಕಾಣಬೇಕಾಯಿತು. ಚೀಟಿಯನ್ನು ಅವರ ಮುಖದ ಮುಂದೆ ಹಿಡಿದ ಮೇಲೆ ಮಾತ್ರೆ ನಿಂತಿತು, ನಿಧಾನವಾಗಿ ನೋವೂ ಇಳಿಯಿತು. ಸಾರಿ ಎಂಬ ಒಂದು ಮಾತು ಬರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಆಲ್ಕೊಹಾಲಿಕ್ ಹಾಗೆಯೇ ಉಳಿಯಿತು. ಸುದ್ದಿ ಊರಿಗೂ ಹಬ್ಬಿ, ಡೈರಿಯಲ್ಲಿ ಹಾಲು ಹಾಕುವವರು ಅವನನ್ನು, "ಏನ್ಲಾ, ನಮಗೊಂದು ಪೆಗ್ಗು ಉಳಿಸಿದ್ಯಾ?" ಎಂದು ರೇಗಿಸುತ್ತಿದ್ದರು. ಆ ಕಾಗದವನ್ನು ತಿದ್ದಿಸಲು ನಾನು ಆಸ್ಪತ್ರೆಗೆ ನಾಲ್ಕು ಸಲ ಅಲೆದೆ.

ಅವನು ಹಾರ್ಟ್ ಅಟ್ಯಾಕಿನಿಂದ ತೀರಿಹೋಗುವ ಹಿಂದಿನ ವಾರ ನಾನು ಅವನನ್ನು ಕೊನೆಯ ಸಲ ನೋಡಿದ್ದು. "ಕಾಗದದಲ್ಲಿರೋ ಆ ಲೈನು ತೆಗೆಸಿದ್ಯಾ ಅಕ್ಕ?" ಎಂದ.

"ಇನ್ನೂ ಇಲ್ಲ ಕಣೋ."

ಅವನು ಬಸ್ ಸ್ಟಾಪಿನವರೆಗೂ ನನ್ನ ಬ್ಯಾಗು ಹಿಡಿದು ಬಂದ.